ಲೇತ್, ಮಿಲ್ಲಿಂಗ್‌ಗೆ ಅಗ್ಗದ ಡಿಜಿಟಲ್ ಸ್ಕೇಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಕಾಮಾಕ್ಷಿಪಾಳ್ಯ, ಲಗ್ಗೆರೆ ಕಡೆ ಸಣ್ಣ ಶೆಡ್ ನಡೆಸುವವರು, ಮನೆ ಗ್ಯಾರೇಜಿನಲ್ಲಿ ಪುಟ್ಟ ಲೇತ್ ಇಟ್ಟುಕೊಂಡವರು, ಪಾಲಿಟೆಕ್ನಿಕ್ ಹುಡುಗರು ಫೋನಿನಲ್ಲೋ ಮೆಸೇಜಿನಲ್ಲೋ ಟೀ ಅಂಗಡಿ ಮುಂದೆಯೋ ಕೇಳಿದ ಪ್ರಶ್ನೆಗಳಿವು. ಡಿಜಿಟಲ್ ಸ್ಕೇಲ್ ಅಂದರೆ ಮಷಿನ್‌ನ ಟೇಬಲ್ ಎಷ್ಟು ಸರಿಯಿತು ಅಂತ ಅಂಕಿಯಲ್ಲಿ ತೋರಿಸುವ ಪಟ್ಟಿ. ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವವು ಆಮೇಲೆ. ಪೂರ್ತಿ ಓದಬೇಕಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಶುರುವಿನ ಪ್ರಶ್ನೆಗಳು

"ಹ್ಯಾಂಡಲ್‌ನಲ್ಲೇ ಡಯಲ್ ಇದೆಯಲ್ಲ ಸರ್, ಇದರ ಮೇಲೆ ಇನ್ನೊಂದು ಸ್ಕೇಲ್ ಯಾಕೆ?"

ಸ್ಕ್ರೂ ಎಷ್ಟು ತಿರುಗಿತು ಅಂತ ಡಯಲ್ ಹೇಳುತ್ತದೆ. ಟೇಬಲ್ ಎಷ್ಟು ಸರಿಯಿತು ಅಂತ ಅದಕ್ಕೆ ಗೊತ್ತಿಲ್ಲ. ಸ್ಕ್ರೂಗೂ ನಟ್‌ಗೂ ನಡುವೆ ಸವೆದು ಪ್ಲೇ (ಸಡಿಲ) ಬಂದಿದ್ದರೆ, ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದಾಗ ಡಯಲ್ ಓಡುತ್ತದೆ, ಟೇಬಲ್ ಮಾತ್ರ ಕೂತಲ್ಲೇ ಕೂತಿರುತ್ತದೆ. ಹಳೆಯ ಟರ್ನರ್‌ಗಳು ಅದಕ್ಕೇ ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರುತ್ತಾರೆ. ದಾಟಿ ಹೋದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಬರುತ್ತಾರೆ.

ಬೆಂಗಳೂರಿನಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. 1953ರಲ್ಲಿ ಇಲ್ಲೇ ಶುರುವಾದ ಎಚ್‌ಎಂಟಿಯ ಎನ್‌ಎಚ್ 22 ಲೇತ್, ಎಫ್‌ಎನ್ 2 ಮಿಲ್ಲಿಂಗ್ ಮಷಿನ್‌ಗಳು ಇವತ್ತಿಗೂ ಎಷ್ಟೋ ಶೆಡ್‌ಗಳಲ್ಲಿ ದುಡಿಯುತ್ತಿವೆ. ಎರಕ ಕಲ್ಲಿನ ಹಾಗೆ ಗಟ್ಟಿ, ಸ್ಕ್ರೂ ಮಾತ್ರ ಸವೆದಿದೆ. ಹೊಸ ಸ್ಕ್ರೂ, ನಟ್ ಮಾಡಿಸುವುದಕ್ಕಿಂತ ಸ್ಕೇಲ್ ಹಾಕುವುದು ಅಗ್ಗ, ಬೇಗನೂ ಆಗುತ್ತದೆ. ಸ್ಕೇಲ್ ಟೇಬಲ್‌ಗೇ ಅಂಟಿಕೊಂಡಿರುವುದರಿಂದ ಸ್ಕ್ರೂ ಏನು ಮಾಡಿದರೂ ಅದಕ್ಕೆ ಸಂಬಂಧ ಇಲ್ಲ.

ಆದರೆ ಸ್ಕೇಲ್ ಹಾಕಿದ ಮಾತ್ರಕ್ಕೆ ಪ್ಲೇ ಹೋಗುವುದಿಲ್ಲ. ಕ್ಲೈಂಬ್ ಮಿಲ್ಲಿಂಗ್‌ನಲ್ಲಿ (ಟೇಬಲ್ ಸರಿಯುವ ದಿಕ್ಕಿಗೇ ಕಟರ್‌ನ ಹಲ್ಲು ತಿರುಗುವ ಕಟ್) ಕಟರ್ ಟೇಬಲನ್ನು ತನ್ನ ಕಡೆ ಎಳೆದುಕೊಳ್ಳುವುದು ಎಳೆದುಕೊಳ್ಳುತ್ತಲೇ ಇರುತ್ತದೆ. ಎಷ್ಟು ಎಳೆಯಿತು ಅಂತ ಈಗ ನಿಮಗೆ ಕಾಣುತ್ತದೆ, ಅಷ್ಟೇ ಲಾಭ.

"ಬರೀ ಒಂದು ಸ್ಟೀಲ್ ಪಟ್ಟಿ, ಅದರ ಮೇಲೊಂದು ಪ್ಲಾಸ್ಟಿಕ್ ಡಬ್ಬಿ. ಇದಕ್ಕೆ ಅಳತೆ ಹೇಗೆ ಗೊತ್ತಾಗುತ್ತೆ?"

ಕೆಟ್ಟುಹೋದ ಡಿಜಿಟಲ್ ವರ್ನಿಯರ್ (ದವಡೆಯಲ್ಲಿ ಹಿಡಿದು ಅಳೆಯುವ ಉಪಕರಣ, ಒಳಗೆ ಇದೇ ವ್ಯವಸ್ಥೆ) ಒಂದಿದ್ದರೆ ಬಿಚ್ಚಿ ನೋಡಿ. ಪಟ್ಟಿಯ ಮೇಲಿನ ಅಳತೆ ಬರೆದ ಸ್ಟಿಕರ್ ಕಿತ್ತರೆ ಒಳಗೆ ಸಿಗುವುದು ಸರ್ಕ್ಯೂಟ್ ಬೋರ್ಡಿನ ಉದ್ದನೆ ತುಂಡು. ಅದರ ಮೇಲೆ ಟಿ ಅಕ್ಷರದ ಆಕಾರದ ತಾಮ್ರದ ಚೂರುಗಳು ಸಾಲಾಗಿ ಕೂತಿರುತ್ತವೆ. ಒಂದಕ್ಕೂ ವೈರ್ ಇಲ್ಲ, ಯಾವುದಕ್ಕೂ ಕರೆಂಟ್ ಇಲ್ಲ. ಡಬ್ಬಿ ತಿರುಗಿಸಿದರೆ ಅದರ ಬೋರ್ಡಿನ ಕೆಳಗೆ ಸಣ್ಣ ಸಣ್ಣ ತಾಮ್ರದ ಗೆರೆಗಳ ಸಾಲು, ಪಕ್ಕದಲ್ಲಿ ಒಂದು ಉದ್ದನೆ ಪಟ್ಟಿ.

ತಾಮ್ರದ ಎರಡು ಚೂರು ಮುಟ್ಟದೆ ಎದುರುಬದುರು ಇದ್ದರೆ ಅದೇ ಒಂದು ಕೆಪಾಸಿಟರ್. ಎಷ್ಟು ಭಾಗ ಎದುರುಬದುರಾಗಿದೆಯೋ ಅಷ್ಟು ಸಿಗ್ನಲ್ ದಾಟುತ್ತದೆ. ಡಬ್ಬಿಯ ಗೆರೆಗಳಿಗೆ ಎಂಟೆಂಟರ ಗುಂಪಿನಲ್ಲಿ, ಒಂದಕ್ಕಿಂತ ಒಂದು ಸ್ವಲ್ಪ ತಡವಾಗಿ ಬರುವಂತೆ ಎಂಟು ಸಿಗ್ನಲ್ ಕೊಡುತ್ತಾರೆ. ಆ ಸಿಗ್ನಲ್ ಗಾಳಿಯ ಸಂದು ದಾಟಿ ಕೆಳಗಿನ ಟಿ ಚೂರಿನ ತಲೆಗೆ ಹೋಗುತ್ತದೆ. ಅದರ ಕಾಲಿನಿಂದ ಮತ್ತೆ ಮೇಲೆ ಹಾರಿ, ಡಬ್ಬಿಯ ಉದ್ದನೆ ಪಟ್ಟಿಗೆ ವಾಪಸ್ ಬರುತ್ತದೆ. ಟಿ ಚೂರಿನ ಎದುರು ಈಗ ಯಾವ ಗೆರೆಗಳಿವೆ ಅನ್ನುವುದರ ಮೇಲೆ ವಾಪಸ್ ಬಂದ ಸಿಗ್ನಲ್ ಎಷ್ಟು ತಡ ಅನ್ನುವುದು ನಿಂತಿದೆ. ಡಬ್ಬಿ ಸ್ವಲ್ಪ ಸರಿದರೆ ತಡವೂ ಸ್ವಲ್ಪ ಬದಲಾಗುತ್ತದೆ. ಚಿಪ್ ಅಳೆಯುವುದು ಈ ತಡವನ್ನೇ. ಉದ್ದವನ್ನು ಅದು ನೇರವಾಗಿ ನೋಡುವುದೇ ಇಲ್ಲ.

ಮಾರುಕಟ್ಟೆಯ ಬಹುಪಾಲು ಅಗ್ಗದ ಸ್ಕೇಲ್‌ಗಳಲ್ಲಿ ಈ ನಮೂನೆ 5.08 ಮಿ.ಮೀ.ಗೆ ಒಮ್ಮೆ ಮರುಕಳಿಸುತ್ತದೆ. ಅಂದರೆ ಇಂಚಿನ ಐದನೇ ಒಂದು ಭಾಗ. ಗಡಿಯಾರದ ದೊಡ್ಡ ಮುಳ್ಳು ಈಗ ಎಷ್ಟು ನಿಮಿಷ ಅಂತ ಹೇಳುತ್ತದೆ, ಎಷ್ಟು ಗಂಟೆ ಕಳೆಯಿತು ಅಂತ ಹೇಳುವುದಿಲ್ಲ ಅಲ್ವಾ? ಇಲ್ಲೂ ಹಾಗೇ. ಆ 5.08 ಮಿ.ಮೀ. ಒಳಗೆ ಎಲ್ಲಿದ್ದೇವೆ ಅನ್ನುವುದು ಸಿಗ್ನಲ್‌ನಿಂದ ಸಿಗುತ್ತದೆ. ಅಂಥ ಎಷ್ಟು ದಾಟಿ ಬಂದೆವು ಅನ್ನುವುದನ್ನು ಚಿಪ್ ಎಣಿಸಿ ನೆನಪಿಟ್ಟುಕೊಳ್ಳಬೇಕು. ಸ್ಕೇಲ್‌ನ ಅರ್ಧ ತಕರಾರುಗಳು ಈ ಎಣಿಕೆಯಿಂದಲೇ ಹುಟ್ಟುತ್ತವೆ.

"0.01 ತೋರಿಸುತ್ತೆ. ಅಂದ್ರೆ ಹತ್ತು ಮೈಕ್ರಾನ್‌ವರೆಗೂ ಕರೆಕ್ಟ್ ತಾನೇ?"

ಅಲ್ಲ. 0.01 ಮಿ.ಮೀ., ಅಂದರೆ ಹತ್ತು ಮೈಕ್ರಾನ್, ಅನ್ನುವುದು ಡಿಸ್‌ಪ್ಲೇ ತೋರಿಸುವ ಅತಿ ಸಣ್ಣ ಹೆಜ್ಜೆ. ಆ ಅಂಕಿ ನಿಜವೇ ಅನ್ನುವುದು ಬೇರೆ ವಿಷಯ. 150 ಮಿ.ಮೀ. ವರ್ನಿಯರ್‌ನ ಡಬ್ಬದ ಮೇಲೆ ಸಾಮಾನ್ಯವಾಗಿ ±0.02 ಅಂತಲೋ ±0.03 ಅಂತಲೋ ಬರೆದಿರುತ್ತದೆ, ಅದನ್ನು ನಂಬಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದರೆ ಒಂದೇ ಅಂಕಿ ತೋರಿಸುವುದರಲ್ಲಿ ಇವು ನಿಜಕ್ಕೂ ಜಾಣ. ಉದ್ದಕ್ಕೂ ಸರಿಯಾಗಿರುವುದರಲ್ಲಿ ಅಷ್ಟಕ್ಕಷ್ಟೆ. ಬೇರಿಂಗ್ ಕೂರುವ ಜಾಗದ ಕೊನೆಯ ಪಾಸ್‌ಗೆ ಮೈಕ್ರೋಮೀಟರೇ ಬೇಕು, ಸ್ಕೇಲ್ ಇದ್ದರೂ ಬೇಕು.

"ಆಫ್ ಮಾಡಿ ಇಟ್ಟಿದ್ದೆ, ಆದ್ರೂ ಸೆಲ್ ಖಾಲಿ. ಮೋಸ ಅಲ್ವಾ ಇದು?"

ಆಫ್ ಬಟನ್ ಅಗ್ಗದ ಸ್ಕೇಲ್‌ಗಳಲ್ಲಿ ಡಿಸ್‌ಪ್ಲೇ ಮಾತ್ರ ಆರಿಸುತ್ತದೆ. ಒಳಗೆ ಎಣಿಕೆ ನಡೆಯುತ್ತಲೇ ಇರುತ್ತದೆ. ಆಫ್ ಮಾಡಿ, ಡಬ್ಬಿ ಸರಿಸಿ, ಮತ್ತೆ ಆನ್ ಮಾಡಿ ನೋಡಿ: ಹೊಸ ಜಾಗದ ಅಂಕಿಯೇ ಬರುತ್ತದೆ. ಎಲ್‌ಆರ್ 44 ಬದಲು ಎಸ್‌ಆರ್ 44 ಹಾಕಿ. ಸೈಜು ಒಂದೇ. ಎಲ್‌ಆರ್ ಸೆಲ್‌ನ ವೋಲ್ಟೇಜ್ ದಿನೇ ದಿನೇ ಇಳಿಯುತ್ತದೆ, ಎಸ್‌ಆರ್‌ನದು ಕೊನೆಯವರೆಗೂ 1.55 ಹತ್ತಿರವೇ ನಿಲ್ಲುತ್ತದೆ. ಡಿಸ್‌ಪ್ಲೇ ಮಿಣಮಿಣ ಅನ್ನತೊಡಗಿದರೆ ಸೆಲ್ ಮುಗಿಯಿತು ಅಂತ ಅರ್ಥ, ಸ್ಕೇಲ್ ಕೆಟ್ಟಿತು ಅಂತಲ್ಲ. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಸೆಲ್ ತೆಗೆದಿಡುವುದು ಒಳ್ಳೇದು.

## ಕೊಳ್ಳುವ ಮುಂಚೆ

"ಕೆಪಾಸಿಟಿವ್, ಗ್ಲಾಸ್, ಮ್ಯಾಗ್ನೆಟಿಕ್ ಅಂತೆಲ್ಲ ಹೇಳ್ತಾರೆ. ನನಗೆ ಯಾವುದು?"

ಮೊದಲು ನಿಮ್ಮ ಮಷಿನ್ ಎಷ್ಟು ಒದ್ದೆ ಆಗುತ್ತದೆ ಅಂತ ಹೇಳಿ, ಆಮೇಲೆ ದುಡ್ಡಿನ ಮಾತು.

ಕೆಪಾಸಿಟಿವ್, ಅಂದರೆ ಮೇಲೆ ಹೇಳಿದ ತಾಮ್ರದ ಚೂರಿನದು, ಎಲ್ಲಕ್ಕಿಂತ ಅಗ್ಗ. ಡ್ರಿಲ್ಲಿಂಗ್ ಮಷಿನ್‌ನ ಆಳ, ಲೇತ್‌ನ ಟೇಲ್‌ಸ್ಟಾಕ್, ಮರದ ಕೆಲಸದ ಮಷಿನ್, ಒಣಗಾಗಿ ಕಟ್ ಮಾಡುವ ಪುಟ್ಟ ಮಿಲ್: ಇವಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಗ್ಲಾಸ್ ಸ್ಕೇಲ್‌ನಲ್ಲಿ ಗಾಜಿನ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳಿರುತ್ತವೆ. ಸಾಮಾನ್ಯವಾಗಿ 20 ಮೈಕ್ರಾನ್‌ಗೆ ಒಂದು ಜೋಡಿ. ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ನೋಡುವ ಸೆನ್ಸರ್. ಎ, ಬಿ ಅಂತ ಎರಡು ಸಿಗ್ನಲ್ ಕಾಲು ಹೆಜ್ಜೆ ಹಿಂದೆ ಮುಂದೆ ಬರುತ್ತವೆ. ಯಾವುದು ಮೊದಲು ಬಂತು ಅನ್ನುವುದರಿಂದ ದಿಕ್ಕು ಗೊತ್ತಾಗುತ್ತದೆ. ಎರಡರ ಏರಿಳಿತ ಎಣಿಸಿದರೆ ಒಂದು ಜೋಡಿಗೆ ನಾಲ್ಕು ಹೆಜ್ಜೆ, ಅಂದರೆ 5 ಮೈಕ್ರಾನ್. ಉತ್ಪಾದನೆಯ ಮಿಲ್ಲಿಂಗ್‌ಗೆ ನನ್ನ ಓಟು ಇದಕ್ಕೇ. ಇದರ ರಬ್ಬರ್ ತುಟಿ ಕೆಳಗೆ ನೋಡುವಂತೆ ಕೂರಿಸಬೇಕು. ಮೇಲೆ ನೋಡಿದರೆ ಚಿಪ್ಸು, ಕೂಲೆಂಟ್ ಎಲ್ಲ ನೇರ ಒಳಗೆ.

ಮ್ಯಾಗ್ನೆಟಿಕ್‌ನಲ್ಲಿ ಉತ್ತರ, ದಕ್ಷಿಣ ಧ್ರುವಗಳು ಸಾಲಾಗಿ ತುಂಬಿದ ಟೇಪ್ ಇರುತ್ತದೆ. ಎಣ್ಣೆ, ನೀರು ಬಿದ್ದರೂ ಅಂಜುವುದಿಲ್ಲ. ಬೇಕಾದ ಉದ್ದಕ್ಕೆ ಕತ್ತರಿಸಿ ಅಂಟಿಸಬಹುದು. ಲೇತ್‌ನಲ್ಲಿ ಕಡೆಯುವ ತುಂಡಿನ (ಜಾಬ್) ಕಡೆ ಟೂಲನ್ನು ಅಡ್ಡಕ್ಕೆ ಸರಿಸುವ, ಜಾಗ ಕಮ್ಮಿ ಇರುವ ಕ್ರಾಸ್ ಸ್ಲೈಡ್‌ಗೆ ಹೇಳಿ ಮಾಡಿಸಿದ್ದು. ಕಬ್ಬಿಣದ ಪುಡಿ ಬಂದು ಅಂಟಿಕೊಳ್ಳುತ್ತದೆ, ಹಾಗಾಗಿ ಮೇಲೊಂದು ಸ್ಟೀಲ್ ಪಟ್ಟಿ, ಪಕ್ಕದಲ್ಲೊಂದು ವೈಪರ್ ಬೇಕು. ಡಯಲ್ ಗೇಜ್ ಇಟ್ಟ ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಆ ಟೇಪ್ ಹತ್ತಿರ ಮಾತ್ರ ತರಬೇಡಿ, ಟೇಪಿನ ಧ್ರುವಗಳೇ ಅಳಿಸಿಹೋಗಬಹುದು.

"ಮನೇಲಿ ಹಳೇ ಡಿಜಿಟಲ್ ವರ್ನಿಯರ್ ಇದೆ. ಅದರ ದವಡೆ ಕತ್ತರಿಸಿ ಮಷಿನ್‌ಗೆ ಹಾಕ್ಲಾ?"

ಧಾರಾಳವಾಗಿ. ದವಡೆ ಗಡಸು ಸ್ಟೀಲ್, ಹ್ಯಾಕ್ಸಾ ಹತ್ತುವುದಿಲ್ಲ, ತೆಳ್ಳನೆ ಕಟಿಂಗ್ ವೀಲ್ ಬೇಕು. ಮೊದಲು ಡಬ್ಬಿ ಪೂರ್ತಿ ಬಿಚ್ಚಿ ಪಕ್ಕಕ್ಕಿಡಿ. ಗ್ರೈಂಡಿಂಗ್ ಧೂಳು ಒಳಗೆ ಹೋದರೆ ಮುಗಿದ ಕಥೆ. ಆಗಾಗ ನೀರಿಗೆ ಅದ್ದಿ ತಣ್ಣಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಬೋರ್ಡ್ ಅಂಟಿಸಿದ ಗಮ್ ಬಿಡುತ್ತದೆ. ನಮೂನೆ ಮರುಕಳಿಸುವಂಥದ್ದು, ಹಾಗಾಗಿ ಪಟ್ಟಿಯನ್ನು ಗಿಡ್ಡ ಮಾಡಿದರೂ ಅಳತೆ ಕೆಡುವುದಿಲ್ಲ. ಡಬ್ಬಿಯ ಪೂರ್ತಿ ಉದ್ದ ಸದಾ ಪಟ್ಟಿಯ ಮೇಲೆ ಇರಬೇಕು, ಅಷ್ಟು ನೋಡಿಕೊಳ್ಳಿ.

"ಎಷ್ಟು ಉದ್ದದ್ದು ತಗೋಬೇಕು?"

ಟೇಬಲ್ ಓಡುವ ದೂರಕ್ಕಿಂತ ಸ್ವಲ್ಪ ಜಾಸ್ತಿ. ಎರಡೂ ತುದಿಗೆ ಹ್ಯಾಂಡಲ್ ತಿರುಗಿಸಿ ನಿಜವಾದ ಓಟ ಅಳೆದುಕೊಂಡು, ಟೂಲ್ ಅಂಗಡಿಗಳಿರುವ ಎಸ್‌ಜೆಪಿ ರಸ್ತೆಗೆ ಹೋಗಿ. ಕೊನೆಯಲ್ಲಿ ಡಬ್ಬಿ ಹೋಗಿ ಗುದ್ದಿದರೆ ಮುರಿಯುವುದು ಸ್ಕೇಲೇ, ಮಷಿನ್ ಅಲ್ಲ.

## ಕೂರಿಸುವಾಗ, ಕೂರಿಸಿದ ಮೇಲೆ

"ಸ್ಕೇಲ್ ಎಷ್ಟು ನೇರವಾಗಿ ಕೂರಬೇಕು ಅಣ್ಣ? ಕಣ್ಣಳತೆ ಸಾಕಾ?"

ಲೆಕ್ಕ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. 300 ಮಿ.ಮೀ. ಸ್ಕೇಲ್‌ನ ಒಂದು ತುದಿ 1 ಮಿ.ಮೀ. ಓರೆಯಾಗಿದ್ದರೆ ಅಳತೆಯಲ್ಲಿ ಬರುವ ತಪ್ಪು 2 ಮೈಕ್ರಾನ್‌ಗಿಂತ ಕಮ್ಮಿ. ಅದೇ ಒಂದು ಡಿಗ್ರಿ ಓರೆಯಾದರೆ, ಅಂದರೆ ತುದಿ ಸುಮಾರು 5 ಮಿ.ಮೀ. ಆಚೆ ಹೋದರೆ, 300ಕ್ಕೆ 45 ಮೈಕ್ರಾನ್. ಅಂದರೆ ಅಳತೆಯ ದೃಷ್ಟಿಯಿಂದ ಒಂದು ಮಿ.ಮೀ. ಓರೆ ದೊಡ್ಡ ವಿಷಯವಲ್ಲ.

ತೊಂದರೆ ಬರುವುದು ಬಿಗಿತದಿಂದ. ಓರೆ ಇದ್ದಾಗ ಟೇಬಲ್ ಒಂದು ಕಡೆ ಎಳೆಯುತ್ತದೆ, ಪಟ್ಟಿ ಇನ್ನೊಂದು ಕಡೆ. ಮಧ್ಯದಲ್ಲಿ ಸಿಕ್ಕಿದ ಡಬ್ಬಿ ಓರೆಯಾಗುತ್ತದೆ, ಪಟ್ಟಿ ಬಾಗುತ್ತದೆ, ಹೋಗುವಾಗ ಒಂದು ಅಂಕಿ, ಬರುವಾಗ ಇನ್ನೊಂದು. ಹಾಗಾಗಿ ಹೀಗೆ ಮಾಡಿ. ಪಟ್ಟಿಯ ಒಂದು ತುದಿಯ ಬೋಲ್ಟ್ ಬಿಗಿ, ಇನ್ನೊಂದು ಸಡಿಲ. ಡಯಲ್ ಗೇಜನ್ನು ಟೇಬಲ್‌ಗೆ ಕೂರಿಸಿ, ಅದರ ಮೂತಿ ಪಟ್ಟಿಯ ಮೇಲಂಚಿಗೆ ತಾಗಿಸಿ. ಟೇಬಲ್ ಪೂರ್ತಿ ಓಡಿಸಿ. ಮುಳ್ಳು ಎಷ್ಟು ಆಡಿತೋ ಅದರ ಅರ್ಧಕ್ಕೆ ತುದಿಯನ್ನು ಮೆಲ್ಲಗೆ ತಟ್ಟಿ, ಮತ್ತೆ ಓಡಿಸಿ. 0.1 ಒಳಗೆ ಬಂದರೆ ಸಾಕು. ಆಮೇಲೆ ಪಟ್ಟಿಯ ಮುಖಕ್ಕೂ ಹೀಗೇ ಮಾಡಿ.

ಡಬ್ಬಿಯನ್ನು ಟೇಬಲ್‌ಗೆ ಕಟ್ಟುವ ಬ್ರಾಕೆಟ್ ಅರ್ಧ ಮಿ.ಮೀ. ದಪ್ಪದ ಸ್ಪ್ರಿಂಗ್ ಸ್ಟೀಲ್ ಪಟ್ಟಿಯದಾದರೆ ಒಳ್ಳೇದು. ಅಳತೆಯ ದಿಕ್ಕಿನಲ್ಲಿ ಅದು ಒಂದಿಷ್ಟೂ ಅಲ್ಲಾಡಬಾರದು, ಅಡ್ಡಕ್ಕೆ ಬೇಕಾದರೆ ಬಾಗಲಿ. ಕೈಯಲ್ಲಿ ಡಬ್ಬಿ ತಳ್ಳಿ ನೋಡಿ, ಅಂಕಿ ಬದಲಾಯಿತಾ? ಹಾಗಾದರೆ ಬ್ರಾಕೆಟ್ ಮತ್ತೆ ಮಾಡಿ.

"ಲೇತ್ ಕ್ರಾಸ್ ಸ್ಲೈಡ್ 1 ಮಿ.ಮೀ. ಸರಿಸಿದ್ರೆ ಜಾಬ್ 2 ಮಿ.ಮೀ. ಕಮ್ಮಿ ಆಗುತ್ತೆ. ಸ್ಕೇಲ್ ತಪ್ಪಾ?"

ಸ್ಕೇಲ್ ಸರಿ ಇದೆ. ಟೂಲ್ ಒಂದು ಕಡೆಯಿಂದ 1 ಮಿ.ಮೀ. ತೆಗೆದರೆ ವ್ಯಾಸದಲ್ಲಿ ಎರಡು ಹೋಗುತ್ತದೆ. ಬೇರೆ ಡಿಸ್‌ಪ್ಲೇ ಇರುವ ಡಿಆರ್‌ಒಗಳಲ್ಲಿ (ಡಿಜಿಟಲ್ ರೀಡ್‌ಔಟ್, ಅಂದರೆ ಸ್ಕೇಲ್‌ನ ಅಳತೆಯನ್ನು ಬೇರೆ ಪೆಟ್ಟಿಗೆಯಲ್ಲಿ ತೋರಿಸುವುದು) ವ್ಯಾಸ ತೋರಿಸುವ ಸೆಟ್ಟಿಂಗ್ ಇರುತ್ತದೆ. ಅಂಟಿದ ಡಿಸ್‌ಪ್ಲೇ ಇರುವ ಅಗ್ಗದ ಸ್ಕೇಲ್‌ನಲ್ಲಿ ಮನಸ್ಸಲ್ಲೇ ಎರಡರಿಂದ ಗುಣಿಸಿಕೊಳ್ಳಿ. ಸ್ಕೇಲ್‌ನ ತಪ್ಪೂ ವ್ಯಾಸದಲ್ಲಿ ಎರಡು ಪಟ್ಟಾಗುತ್ತದೆ. ಕ್ರಾಸ್ ಸ್ಲೈಡ್‌ಗೆ ಸ್ವಲ್ಪ ಜಾಸ್ತಿ ದುಡ್ಡು ಹಾಕಿ ಅನ್ನುವುದು ಅದಕ್ಕೇ.

"ಕೂಲೆಂಟ್ ಬಿದ್ದ ತಕ್ಷಣ ಅಂಕಿ ಹುಚ್ಚುಹುಚ್ಚಾಗಿ ಓಡುತ್ತೆ. ಎಣ್ಣೆ ಬಿದ್ರೆ ಅಷ್ಟು ಆಗಲ್ಲ. ಯಾಕೆ?"

ಸರಿಯಾಗಿ ಗಮನಿಸಿದ್ದೀರಿ. ಎರಡು ತಾಮ್ರದ ನಡುವೆ ಗಾಳಿ ಇದ್ದಾಗ ದಾಟುವ ಸಿಗ್ನಲ್ ಒಂದು ಪಾಲು ಅಂದುಕೊಂಡರೆ, ಎಣ್ಣೆ ತುಂಬಿದರೆ ಎರಡು ಮೂರು ಪಾಲು, ನೀರು ತುಂಬಿದರೆ ಸುಮಾರು 80 ಪಾಲು. ನಮ್ಮ ಹಾಲಿನ ಬಣ್ಣದ ಕೂಲೆಂಟ್ ಬಹುಪಾಲು ನೀರೇ. ಮೇಲಾಗಿ ಅದರಲ್ಲಿ ಕರೆಂಟೂ ಹರಿಯುತ್ತದೆ, ಪಕ್ಕಪಕ್ಕದ ಗೆರೆಗಳೆಲ್ಲ ಒಂದಾಗಿಬಿಡುತ್ತವೆ. ತಂತಿಯಂಥ ಸಣ್ಣ ಚಿಪ್ಸ್ ಸಿಕ್ಕಿಕೊಂಡರೂ ಇದೇ ಗತಿ.

ಒರೆಸಿ ಒಣಗಿಸಿದರೆ ಸಾಮಾನ್ಯವಾಗಿ ಸ್ಕೇಲ್ ಸರಿಹೋಗುತ್ತದೆ. ಎಣಿಕೆ ಮಾತ್ರ ತಪ್ಪಿರುತ್ತದೆ, ಹೊಸದಾಗಿ ಸೊನ್ನೆ ಹಿಡಿಯಿರಿ. ಮೇಲೊಂದು ಅಲ್ಯೂಮಿನಿಯಂ ಆಂಗಲ್ ಮುಚ್ಚಳ ಹಾಕಿದರೆ ಎಷ್ಟೋ ವಾಸಿ. ಆದರೆ ದಿನವಿಡೀ ಕೂಲೆಂಟ್ ಸುರಿಯುವ ಮಿಲ್‌ಗೆ ಮುಚ್ಚಳದ ಮೇಲೆ ಮುಚ್ಚಳ ಹಾಕುತ್ತಾ ಹೋಗಬೇಡಿ. ಅಲ್ಲಿಗೆ ಈ ಜಾತಿಯ ಸ್ಕೇಲ್ ಅಲ್ಲ. ಕಂಪ್ರೆಸರ್ ಗಾಳಿ ಹೊಡೆದು ಸ್ವಚ್ಛ ಮಾಡುವ ಅಭ್ಯಾಸವೂ ಬೇಡ, ಚಿಪ್ಸ್ ಇನ್ನೂ ಒಳಗೆ ಹೋಗಿ ಕೂರುತ್ತದೆ.

"ಮೋಟಾರ್ ಆನ್ ಮಾಡಿದ್ರೆ ಕೊನೇ ಅಂಕಿ ಕುಣಿಯುತ್ತೆ."

ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್) ಹಾಕಿಸಿದ್ದೀರಾ? ಹೆಚ್ಚಾಗಿ ಕಾರಣ ಅದೇ. ಮೊದಲು ಮಷಿನ್ ಬೆಡ್‌ಗೆ ಅರ್ಥಿಂಗ್ ನಿಜಕ್ಕೂ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಬಾಡಿಗೆ ಶೆಡ್‌ಗಳಲ್ಲಿ ಪ್ಲಗ್‌ನ ಮೂರನೇ ಪಿನ್ ಬರೀ ಶೋಗೆ ಇರುವುದು ಹೊಸದೇನಲ್ಲ. ಆಮೇಲೆ ಮೋಟಾರ್ ಕೇಬಲ್ ಶೀಲ್ಡ್ ಇರುವುದು ಹಾಕಿಸಿ, ಸ್ಕೇಲ್ ವೈರನ್ನು ಅದರಿಂದ ದೂರ ಎಳೆಯಿರಿ. ಸ್ಕೇಲ್‌ನ ಸೆಲ್ ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದರೂ ಗುಣ ಕಾಣುತ್ತದೆ.

"ಕರೆಂಟ್ ಹೋದ್ರೆ ಸೊನ್ನೆ ಹೋಗುತ್ತಾ? ನಮ್ಮ ಏರಿಯಾದಲ್ಲಿ ದಿನಾ ಹೋಗುತ್ತೆ."

ಸೆಲ್‌ನಲ್ಲಿ ಓಡುವ ಸ್ಕೇಲ್‌ಗೆ ಬೆಸ್ಕಾಂ ಚಿಂತೆ ಇಲ್ಲ. ಪ್ಲಗ್‌ಗೆ ಹಾಕುವ ಡಿಆರ್‌ಒ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಬಹುದು, ಆದರೆ ಕರೆಂಟ್ ಇಲ್ಲದಾಗ ಯಾರಾದರೂ ಹ್ಯಾಂಡಲ್ ತಿರುಗಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಗ್ಲಾಸ್ ಸ್ಕೇಲ್‌ಗಳಲ್ಲಿ ಇದಕ್ಕೆಂದೇ ರೆಫರೆನ್ಸ್ ಗುರುತು ಇರುತ್ತದೆ. ಕೆಲಸ ಶುರುಮಾಡುವಾಗ ಆ ಗುರುತು ದಾಟಿಸಿ ನೆನಪಿಗೆ ಹಾಕಿದ್ದರೆ ಮತ್ತೆ ಅಲ್ಲಿಂದ ಹಿಡಿಯಬಹುದು. ಇನ್ನೊಂದು ದಾರಿ ಪುಟ್ಟ ಯುಪಿಎಸ್. ಡಿಸ್‌ಪ್ಲೇ ತಿನ್ನುವ ಕರೆಂಟ್ ತೀರಾ ಕಮ್ಮಿ, ಕಂಪ್ಯೂಟರ್‌ನ ಹಳೇ ಯುಪಿಎಸ್ಸೇ ಸಾಕು.

## ಸ್ವಲ್ಪ ಆಳಕ್ಕೆ

"ಡಬ್ಬಿ ಪಕ್ಕದಲ್ಲಿ ನಾಲ್ಕು ಪಿನ್ ಇದೆ. ಅದನ್ನ ಆರ್ಡುಯಿನೋಗೆ ಹಾಕಿ ದೊಡ್ಡ ಡಿಸ್‌ಪ್ಲೇ ಮಾಡಬಹುದಾ?"

ಮಾಡಬಹುದು, ಚೆನ್ನಾಗಿಯೂ ಆಗುತ್ತದೆ. ಆರ್ಡುಯಿನೋ ಅಂದರೆ ಪ್ರೋಗ್ರಾಮ್ ಬರೆದು ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್. ನಾಲ್ಕು ಪಿನ್ ಅಂದರೆ ಪ್ಲಸ್, ಮೈನಸ್, ಕ್ಲಾಕ್, ಡೇಟಾ. ಎಲ್ಲ ಡಬ್ಬಿಯಲ್ಲೂ ಒಂದೇ ಕ್ರಮದಲ್ಲಿ ಇರುವುದಿಲ್ಲ, ಮಲ್ಟಿಮೀಟರ್ ಹಿಡಿದು ನೋಡಿಕೊಳ್ಳಿ. ಸಾಮಾನ್ಯ ವರ್ನಿಯರ್‌ಗಳು ಕ್ಲಾಕನ್ನು ತಾವೇ ಹೊರಡಿಸುತ್ತವೆ. ಒಂದು ಜಾತಿ 24 ಬಿಟ್ ಕಳಿಸುತ್ತದೆ, ನೇರವಾಗಿ 0.01 ಮಿ.ಮೀ. ಲೆಕ್ಕದಲ್ಲಿ. ಹಳೆಯ ಇನ್ನೊಂದು ಜಾತಿ 24 ಬಿಟ್‌ನ ಎರಡು ಸಂಖ್ಯೆ ಕಳಿಸುತ್ತದೆ, ಇಂಚಿಗೆ 20480 ಹೆಜ್ಜೆಯ ಲೆಕ್ಕ. ಆ 5.08 ಮಿ.ಮೀ.ಯನ್ನು 4096 ಭಾಗ ಮಾಡಿದರೆ ಬರುವುದು ಇದೇ. ಡಿಸ್‌ಪ್ಲೇ ಬೇರೆ ಇರುವ ಕೆಲವು ಅಗ್ಗದ ಸ್ಕೇಲ್‌ಗಳಿಗೆ ಮಾತ್ರ ಕ್ಲಾಕನ್ನು ನೀವೇ ಕೊಡಬೇಕು. ಅವು 21 ಬಿಟ್ ಕೊಡುತ್ತವೆ, ಇಂಚಿಗೆ 2560 ಹೆಜ್ಜೆ.

ಎರಡು ಕಡೆ ಎಚ್ಚರ ಬೇಕು. ವರ್ನಿಯರ್‌ನ ಸಿಗ್ನಲ್ 1.5 ವೋಲ್ಟ್, 5 ವೋಲ್ಟ್ ಆರ್ಡುಯಿನೋ ಅದನ್ನು ಒಂದು ಅಂತ ಗುರುತಿಸುವುದೇ ಇಲ್ಲ. ಪ್ರತಿ ಲೈನಿಗೆ ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿ. ಸಿಗ್ನಲ್ ತಲೆಕೆಳಗಾಗುತ್ತದೆ, ಪ್ರೋಗ್ರಾಮ್‌ನಲ್ಲಿ ಅದನ್ನು ಸರಿಮಾಡಿಕೊಳ್ಳಿ. ಸೆಲ್ ಬದಲು ಅಡಾಪ್ಟರ್ ಬಳಸುವುದಾದರೆ ಎಲ್‌ಎಂ 317 ಅನ್ನುವ ವೋಲ್ಟೇಜ್ ರೆಗ್ಯುಲೇಟರ್ ಚಿಪ್‌ಗೆ 240 ಓಮ್, 47 ಓಮ್ ರೆಸಿಸ್ಟರ್ ಹಾಕಿದರೆ ಹೆಚ್ಚುಕಮ್ಮಿ ಸರಿಯಾಗಿ 1.5 ವೋಲ್ಟ್ ಬರುತ್ತದೆ. ಎಸ್‌ಪಿ ರಸ್ತೆಯಲ್ಲಿ ಇವೆಲ್ಲ ಚಿಲ್ಲರೆ ಕಾಸಿಗೆ ಸಿಗುತ್ತವೆ. ಎರಡನೇ ಎಚ್ಚರ: ಬಹಳಷ್ಟು ವರ್ನಿಯರ್‌ಗಳಲ್ಲಿ ಲೋಹದ ದೇಹಕ್ಕೆ ಸೇರಿರುವುದು ಸೆಲ್‌ನ ಪ್ಲಸ್, ಮೈನಸ್ ಅಲ್ಲ. ಅಡಾಪ್ಟರ್‌ನ ಮೈನಸ್ ಅರ್ಥ್‌ಗೆ ಸೇರಿದ್ದು, ಸ್ಕೇಲ್ ಮಷಿನ್ ಬೆಡ್‌ಗೆ ತಾಗಿದ್ದರೆ ನೇರ ಶಾರ್ಟ್.

"ಸ್ಕೇಲ್ ಚೆಕ್ ಮಾಡಿದೆ, ಸರಿ ಇದೆ. ಜಾಬ್ ಮಾತ್ರ ತಪ್ಪು ಬರ್ತಿದೆ."

ಸ್ಕೇಲ್ ಇರುವುದು ಟೇಬಲ್‌ನ ಅಂಚಿನಲ್ಲಿ, ಕಟ್ ಆಗುವುದು ಅದರಿಂದ ದೂರದಲ್ಲಿ. ಟೇಬಲ್ ಸರಿಯುವಾಗ ಒಂದಿಷ್ಟು ಓರೆಯಾದರೆ ಎರಡು ಕಡೆ ಬೇರೆ ಬೇರೆ ದೂರ ಸರಿಯುತ್ತದೆ. ಜರ್ಮನಿಯ ಅರ್ನ್‌ಸ್ಟ್ ಆಬೆ 1890ರಲ್ಲೇ ಹೇಳಿದ ವಿಷಯ ಇದು: ಅಳೆಯುವ ಗೆರೆಯೂ ಅಳೆಯಬೇಕಾದ ಗೆರೆಯೂ ಒಂದೇ ಸಾಲಿನಲ್ಲಿರಬೇಕು. ಮೀಟರಿಗೆ 0.1 ಮಿ.ಮೀ. ಓರೆ ಅಂದುಕೊಳ್ಳಿ. ಕಟರ್ ಸ್ಕೇಲ್‌ನಿಂದ 200 ಮಿ.ಮೀ. ದೂರ ಇದ್ದರೆ 0.02 ತಪ್ಪು ಅಲ್ಲೇ ಬಂತು, ಸ್ಕೇಲ್ ಎಷ್ಟೇ ದುಬಾರಿ ಇರಲಿ. ಸವೆದ ಮಷಿನ್‌ನಲ್ಲಿ ಗಿಬ್ (ಸ್ಲೈಡ್‌ನ ಸಡಿಲ ಹೊಂದಿಸುವ ಪಟ್ಟಿ) ಬಿಗಿ ಮಾಡಿ, ಬಳಸದ ಸ್ಲೈಡನ್ನು ಲಾಕ್ ಮಾಡಿ ಕಟ್ ಮಾಡಿ. ಹೊಸ ಸ್ಕೇಲ್‌ಗೆ ದುಡ್ಡು ಹಾಕುವ ಮುಂಚೆ ಈ ಕೆಲಸ ಆಗಲಿ.

"ಬೆಳಿಗ್ಗೆ ಸರಿ ಇದ್ದ ಅಳತೆ ಏಪ್ರಿಲ್ ಮಧ್ಯಾಹ್ನ ಬದಲಾಗುತ್ತೆ. ಸ್ಕೇಲ್ ಬಿಸಿಗೆ ಹಿಗ್ಗುತ್ತಾ?"

ಎಲ್ಲವೂ ಹಿಗ್ಗುತ್ತದೆ. ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿರುವ ತಾಪಮಾನ 20 ಡಿಗ್ರಿ. ಶೀಟ್ ಚಾವಣಿಯ ಕೆಳಗೆ ನಮ್ಮಲ್ಲಿ 30 ದಾಟುವುದು ಮಾಮೂಲು. ಸ್ಟೀಲ್ ಜಾಬ್ ಆದರೆ ಸ್ಕೇಲೂ ಅದೂ ಹೆಚ್ಚುಕಮ್ಮಿ ಒಟ್ಟಿಗೇ ಹಿಗ್ಗುವುದರಿಂದ ತಪ್ಪು ಅಷ್ಟಾಗಿ ಕಾಣುವುದಿಲ್ಲ. ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 300 ಮಿ.ಮೀ. ಜಾಬ್ 10 ಡಿಗ್ರಿ ಬಿಸಿಯಾದರೆ ಸ್ಟೀಲ್ ಸುಮಾರು 0.035 ಉದ್ದ ಆಗುತ್ತದೆ, ಅಲ್ಯೂಮಿನಿಯಂ 0.07. ಕಟ್ ಮಾಡಿದ ಬಿಸಿ ಬೇರೆ ಸೇರುತ್ತದೆ. ಕೊನೆಯ ಪಾಸ್‌ಗೆ ಮುಂಚೆ ಜಾಬ್ ತಣ್ಣಗಾಗಲು ಬಿಡಿ.

"ಸ್ಕೇಲ್ ಸರಿ ಇದೆಯಾ ಅಂತ ನಾನೇ ಚೆಕ್ ಮಾಡೋದು ಹೇಗೆ?"

ಒಂದು ಡಯಲ್ ಗೇಜ್, ಕೆಲವು ಸ್ಲಿಪ್ ಗೇಜ್ (ನಿಖರ ದಪ್ಪದ ಅಳತೆಯ ಬ್ಲಾಕ್‌ಗಳು) ಇದ್ದರೆ ಆಯಿತು. ಟೇಬಲ್ ಮೇಲೆ ಸ್ಟಾಪ್ ಇಟ್ಟು, ಡಯಲ್ ಗೇಜ್ ಸೊನ್ನೆ ಮಾಡಿ, ಮಧ್ಯೆ ಸ್ಲಿಪ್ ಗೇಜ್ ಸೇರಿಸಿ, ಡಯಲ್ ಮತ್ತೆ ಸೊನ್ನೆಗೆ ಬರುವವರೆಗೂ ಟೇಬಲ್ ಸರಿಸಿ. ಸ್ಕೇಲ್ ಏನು ಹೇಳುತ್ತದೆ ನೋಡಿ.

ಎಲ್ಲರೂ ಎಡವುವ ಜಾಗ ಒಂದಿದೆ. ಈ ಸ್ಕೇಲ್‌ಗಳ ತಪ್ಪಿನ ಒಂದು ಭಾಗ ಆ 5.08 ಮಿ.ಮೀ. ನಮೂನೆಯ ಜೊತೆಗೇ ಏರಿ ಇಳಿದು ಮತ್ತೆ ಶುರುವಾಗುತ್ತದೆ. ಒಂದು ಇಂಚು ಅಂದರೆ ಸರಿಯಾಗಿ ಐದು ನಮೂನೆ. ಇಂಚಿನ ಬ್ಲಾಕ್ ಇಟ್ಟು ಒಂದು, ಎರಡು, ಮೂರು ಇಂಚಿನಲ್ಲಿ ಚೆಕ್ ಮಾಡಿದರೆ ಪ್ರತಿ ಸಲವೂ ನಮೂನೆಯ ಅದೇ ಜಾಗಕ್ಕೆ ಬಂದು ನಿಲ್ಲುತ್ತೀರಿ. ಸ್ಕೇಲ್ ಬಂಗಾರ ಅನ್ನಿಸುತ್ತದೆ. 1, 1.5, 2, 2.5, 3 ಹೀಗೆ 5 ಮಿ.ಮೀ. ಒಳಗೇ ಹೆಜ್ಜೆ ಹಾಕಿ ನೋಡಿ, ಆಗ ನಿಜ ಹೊರಬರುತ್ತದೆ. ಆಮೇಲೆ 50, 100, 150ರಲ್ಲಿ ಉದ್ದದ ತಪ್ಪು ನೋಡಿಕೊಳ್ಳಿ. ಗಿರಾಕಿಗೆ ಸರ್ಟಿಫಿಕೇಟ್ ಬೇಕು ಅಂದರೆ ತುಮಕೂರು ರಸ್ತೆಯ ಸಿಎಂಟಿಐನಂಥ (ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್) ಲ್ಯಾಬ್‌ಗೆ ನಿಮ್ಮ ಸ್ಲಿಪ್ ಗೇಜ್ ಕೊಟ್ಟು ಕ್ಯಾಲಿಬ್ರೇಟ್ ಮಾಡಿಸಿ. ಅಗ್ಗದ ಸ್ಕೇಲನ್ನೇ ಅಲ್ಲಿಗೆ ಹೊತ್ತೊಯ್ಯುವುದರಲ್ಲಿ ಅರ್ಥ ಇಲ್ಲ.

"ಸ್ಟೆಪ್ಪರ್ ಮೋಟಾರ್ ಹಾಕಿ, ಇದೇ ಸ್ಕೇಲ್ ನೋಡ್ಕೊಂಡು ಓಡೋ ಹಾಗೆ ಸಿಎನ್‌ಸಿ ಮಾಡಿದ್ರೆ?"

ವರ್ನಿಯರ್ ಜಾತಿಯ ಸ್ಕೇಲ್‌ನಲ್ಲಿ ಆಗುವುದಿಲ್ಲ. ಅದು ಮಾಮೂಲಾಗಿ ಸೆಕೆಂಡಿಗೆ ಮೂರು ಸಲದ ಆಸುಪಾಸು ಅಳತೆ ಕಳಿಸುತ್ತದೆ. ಕೆಲವದರಲ್ಲಿ ವೇಗದ ಮೋಡ್ ಇದೆ, ಅದರಲ್ಲಿ 50ರ ಆಸುಪಾಸು. ಮೋಟಾರ್ ನಿಮಿಷಕ್ಕೆ 600 ಮಿ.ಮೀ. ಓಡುತ್ತಿದ್ದರೆ ಸೆಕೆಂಡಿಗೆ 10 ಮಿ.ಮೀ. ಆಯಿತು. ಎರಡು ಅಳತೆಯ ನಡುವೆ ಟೇಬಲ್ 3 ಮಿ.ಮೀ.ಗಿಂತ ಜಾಸ್ತಿ ಹೋಗಿರುತ್ತದೆ, ಕಂಟ್ರೋಲರ್ ಯಾವಾಗಲೂ ಹಳೇ ಸುದ್ದಿ ಓದುತ್ತಿರುತ್ತದೆ. ಅಂಥ ಕೆಲಸಕ್ಕೆ ಎ, ಬಿ ಸಿಗ್ನಲ್ ಕೊಡುವ ಗ್ಲಾಸ್ ಅಥವಾ ಮ್ಯಾಗ್ನೆಟಿಕ್ ಸ್ಕೇಲ್ ತಗೊಳ್ಳಿ. ಅವು ಸರಿದ ಕ್ಷಣವೇ ಹೇಳುತ್ತವೆ. ಸ್ಕ್ರೂನ ಪ್ಲೇಯನ್ನು ಮೊದಲು ಹೋಗಲಾಡಿಸಿ. ಇಲ್ಲದಿದ್ದರೆ ಮೋಟಾರ್ ಆ ಪ್ಲೇ ಒಳಗೇ ಹಿಂದೆ ಮುಂದೆ ಹುಡುಕಾಡುತ್ತಾ ಗುರ್ ಗುರ್ ಅನ್ನುತ್ತಿರುತ್ತದೆ.